ಗ್ರಹಣದ ಎಕ್ಸ್‌ರೇ

ಪತ್ರ: “ನಮ್ಮ ಭಾವನವರ ಶ್ವಾಸಕೋಶದಲ್ಲಿ 14 ಮಿಲಿಮೀಟರ್ ಗಂಟು ಸಿ.ಟಿ.ಯಲ್ಲಿ ಕಂಡಿದೆ. ರೋಬೋಟಿಕ್ ಬ್ರಾಂಕೋಸ್ಕೋಪಿ (ರೋಬೋಟಿನ ಸಹಾಯದಿಂದ ಬಾಯಿಂದ ಶ್ವಾಸಕೋಶಕ್ಕೆ ನಳಿಕೆ ಇಳಿಸುವುದು) ನೂರಕ್ಕೆ ತೊಂಬತ್ತೈದು ಸಲ ಗಂಟು ಮುಟ್ಟುತ್ತದೆ ಎಂದು ಕರಪತ್ರದಲ್ಲಿದೆ. ಮತ್ತೆ ಗಂಟಿನ ಚೂರು ತೆಗೆಯಲು ಪಕ್ಕೆಯಲ್ಲಿ ಸೂಜಿ ಯಾಕೆ ಚುಚ್ಚಿಸಬೇಕು? ಇಂಥದ್ದನ್ನು ನೀವು ಯಾಕೆ ಬರೆಯುವುದಿಲ್ಲ?” – ಓದುಗರೊಬ್ಬರು, ದಾವಣಗೆರೆ

ಬರೆಯುವುದಿಲ್ಲ ಎಂದು ಬೈದಿದ್ದೀರಿ. ಈಗ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಂತ್ರ ಒಳ್ಳೆಯದೇ. ಅಮೆರಿಕದಲ್ಲಿ 2018ರಲ್ಲಿ ಮೊನಾರ್ಕ್ ಎಂಬ ರೋಬೋಟಿಗೆ, 2019ರಲ್ಲಿ ಅಯಾನ್ ಎಂಬುದಕ್ಕೆ ಅನುಮತಿ ಸಿಕ್ಕಿತು. ತೆಳ್ಳಗಿನ ನಳಿಕೆ ಉಸಿರಿನ ಕವಲುಗಳಲ್ಲಿ ತುದಿಯವರೆಗೂ ಹೋಗುತ್ತದೆ, ಹೋದಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಸಂತೋಷ.

ಆದರೆ ಕರಪತ್ರ ಹೇಳಿದ್ದು ಮುಟ್ಟಿದ ಲೆಕ್ಕ. ಮುಟ್ಟಿದ ಗಂಟು ಏನು ಅಂತ ಗೊತ್ತಾದದ್ದು ಎಷ್ಟು ಸಲ? ಮೊನಾರ್ಕ್‌ನ ಒಂದು ಶುರುವಿನ ಅಧ್ಯಯನದಲ್ಲಿ 54 ರೋಗಿಗಳಿದ್ದರು. ಶೇ. 96ರಷ್ಟು ಗಂಟುಗಳನ್ನು ನಳಿಕೆ ಹುಡುಕಿತು. ಉತ್ತರ ಸಿಕ್ಕಿದ್ದು ಶೇ. 74ರಷ್ಟಕ್ಕೆ. ಬಸ್ಸು ಊರಿಗೆ ಬಂತು, ನೆಂಟರ ಮನೆ ಸಿಗಲಿಲ್ಲ. ಅರಿವಳಿಕೆ ಕೊಟ್ಟಾಗ ಶ್ವಾಸಕೋಶ ಸ್ವಲ್ಪ ಕುಗ್ಗುತ್ತದೆ. ಮೊದಲು ತೆಗೆದ ಸಿ.ಟಿ. ನಕ್ಷೆಯಲ್ಲಿ ಇದ್ದ ಜಾಗದಲ್ಲಿ ಗಂಟು ಇರದೇ ಹೋಗಬಹುದು.

ಎಣಿಕೆಯಲ್ಲೂ ಜಾಣತನ ಇದೆ. ಬರೀ ‘ಉರಿಯೂತ’ ಎಂದು ಬಂದ ವರದಿಯನ್ನೂ ಕೆಲವರು ಗೆದ್ದ ಖಾತೆಗೆ ಹಾಕುತ್ತಿದ್ದರು. ಪಕ್ಕದಲ್ಲೇ ಕ್ಯಾನ್ಸರ್ ಇದ್ದರೂ ಹಾಗೆ ಬರಬಹುದು! ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಅಲ್ಲಿನ ಎದೆರೋಗ ತಜ್ಞರ ಸಂಘಗಳೇ 2024ರಲ್ಲಿ ಹೇಳಬೇಕಾಯಿತು.

ಸೂಜಿಯ ಬಗ್ಗೆ ನಿಮ್ಮ ಭಯ ಮಾತ್ರ ಸರಿ. 2025ರಲ್ಲಿ ಬಂದ ಅಮೆರಿಕದ ವೆರಿಟಾಸ್ ಅಧ್ಯಯನದಲ್ಲಿ 234 ಮಂದಿ ಇದ್ದರು. ಪಕ್ಕೆಯಿಂದ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 28ರಷ್ಟು ಮಂದಿಗೆ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿತು. ಬಾಯಿಂದ ನಳಿಕೆ ಇಳಿಸಿದವರಲ್ಲಿ ಶೇ. 3ರಷ್ಟು. ಗಂಟು ಏನೆಂದು ಸರಿಯಾಗಿ ಹೇಳುವುದರಲ್ಲಿ ನಳಿಕೆ ಶೇ. 79, ಸೂಜಿ ಶೇ. 74. ಆದರೆ ಅಲ್ಲಿ ಹೆಚ್ಚಾಗಿ ಬಳಸಿದ್ದು ರೋಬೋಟ್ ಅಲ್ಲ, ಆಯಸ್ಕಾಂತದ ಸಹಾಯದಿಂದ ದಾರಿ ಹುಡುಕುವ ಹಳೆಯ ವಿಧಾನ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 400ಕ್ಕೂ ಜಾಸ್ತಿ ರೋಗಿಗಳ ಮೇಲೆ ರೋಬೋಟನ್ನೂ ಈ ಹಳೆಯ ವಿಧಾನವನ್ನೂ ಹೋಲಿಸಿದಾಗ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ನಮ್ಮ ಸೋದರಮಾವನಿಗೂ ಹೀಗೇ ಗಂಟು ಕಂಡಿತ್ತು. ಮನೆಯಲ್ಲಿ ಅಳು, ಬಯಾಪ್ಸಿಗೆ ದುಡ್ಡಿನ ಓಡಾಟ. ಅತ್ತೆಗೆ ನೆನಪಾಗಿದ್ದು ಬೀರುವಿನ ಮೇಲಿದ್ದ ಮಾವನ ಹಳೆಯ ಎಕ್ಸ್‌ರೇ. ಗ್ರಹಣ ನೋಡುವುದಕ್ಕೆ ಅಂತ ಮಕ್ಕಳು ಇಟ್ಟುಕೊಂಡದ್ದು (ಹಾಗೆ ನೋಡಬಾರದು, ಕಣ್ಣು ಹೋಗುತ್ತದೆ). ರೇಡಿಯಾಲಜಿ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಹತ್ತು ನಿಮಿಷ ನೋಡಿದರು. ಒಂಬತ್ತು ವರ್ಷದ ಹಿಂದೆಯೂ ಗಂಟು ಅಲ್ಲೇ ಇತ್ತು, ಅಷ್ಟೇ ಇತ್ತು, ಸುಣ್ಣ ಕಟ್ಟಿತ್ತು. ಯಾವಾಗಲೋ ಬಂದು ಹೋದ ಟಿ.ಬಿ.ಯ ಕಲೆ ಇರಬೇಕು ಎಂದರು. ಬಯಾಪ್ಸಿಯೇ ಬೇಕಾಗಲಿಲ್ಲ.

ಆ ಹತ್ತು ನಿಮಿಷಕ್ಕೆ ಯಾವ ಆಸ್ಪತ್ರೆಯೂ ಕಟೌಟ್ ನಿಲ್ಲಿಸುವುದಿಲ್ಲ. ರೋಬೋಟಿಗಾದರೆ ಫ್ಲೈಓವರ್ ಉದ್ದಕ್ಕೂ ಫ್ಲೆಕ್ಸು. ಈಗ ಫಿಲ್ಮ್ ಹೋಗಿ ಸಿ.ಡಿ. ಬಂತು, ಅದನ್ನು ಹಾಕುವ ಕಂಪ್ಯೂಟರ್ ಯಾರ ಮನೆಯಲ್ಲಿದೆ ಹೇಳಿ? ಅದನ್ನು ತಂದರೂ ಪ್ರತಿ ಆಸ್ಪತ್ರೆಯಲ್ಲಿ “ಹಳೆಯದು ಬೇಡ, ನಮ್ಮಲ್ಲೇ ಹೊಸದಾಗಿ ಮಾಡಿಸಿ” ಅನ್ನುತ್ತಾರೆ.

ನಿಮ್ಮ ಭಾವನವರ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಏನಿದ್ದರೂ ಈ ವಾರವೇ ಹುಡುಕಿ ಡಾಕ್ಟರಿಗೆ ತೋರಿಸಿ. ಸಿಗದಿದ್ದರೆ, ಅಥವಾ ಗಂಟು ಬೆಳೆದಿದ್ದರೆ, ತಡ ಮಾಡದೆ ಅವರು ಹೇಳಿದ ಪರೀಕ್ಷೆ ಮಾಡಿಸಿ. “ಏನೂ ಸಿಗಲಿಲ್ಲ ಅಂತ ವರದಿ ಬಂದರೆ ಮುಂದೇನು ಮಾಡ್ತೀರಿ?” ಎಂದು ಮೊದಲೇ ಕೇಳಿ. ಏನಂದರು ಅಂತ ನನಗೂ ಒಂದು ಕಾರ್ಡು ಹಾಕಿ.