ವ್ಯಾನಿನಲ್ಲಿ ಮಲಗಿದರೆ ಬೆಳಗ್ಗೆ ಗಾಜೆಲ್ಲ ಒಳಗಿನಿಂದ ಒದ್ದೆಯಾಗಿರುತ್ತದೆ, ಯಾಕೆ?

ಅದು ನಿಮ್ಮದೇ ಉಸಿರಿನ ನೀರು. ಮಲಗಿರುವಾಗ ಉಸಿರು ಮತ್ತು ಚರ್ಮದ ಮೂಲಕ ಒಬ್ಬರಿಂದ ರಾತ್ರಿಗೆ ಹೆಚ್ಚುಕಮ್ಮಿ ಕಾಲು ಲೀಟರ್ ನೀರು ಆವಿಯಾಗುತ್ತದೆ. ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಓಮ್ನಿಯಂಥ ಪುಟ್ಟ ವ್ಯಾನಿನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಬೆಚ್ಚಗಿನ ಗಾಳಿ ಜಾಸ್ತಿ ಆವಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಬಿಟ್ಟುಬಿಡುತ್ತದೆ. ರಾತ್ರಿ ಗಾಜು, ತಗಡು ಬೇಗ ತಣ್ಣಗಾಗುತ್ತವೆ. ಒಳಗಿನ ಗಾಳಿ ಅದಕ್ಕೆ ತಾಗಿದಲ್ಲೆಲ್ಲ ಹನಿಗಟ್ಟುತ್ತದೆ. ಐಸ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ವಾ, ಹಾಗೆಯೇ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಕಡೆ ಮಲಗಿದ್ದಾಗ ಚಾವಣಿಯಿಂದ ಟಪ್ ಟಪ್ ಅಂತ ಹನಿ ಬಿದ್ದು ನನ್ನ ಕಂಬಳಿಯೇ ನೆನೆದಿತ್ತು.

ಚಳಿ ಅಂತ ಎಲ್ಲ ಗಾಜು ಮುಚ್ಚಿದರೆ ಇನ್ನೂ ಜಾಸ್ತಿಯಾಗುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದಿಡಿ. ಸಂದಿಗೆ ಸೊಳ್ಳೆ ಪರದೆಯ ತುಂಡು ಸಿಕ್ಕಿಸಿ. ಒದ್ದೆ ಟವೆಲ್ ಒಳಗೆ ಒಣಹಾಕಬೇಡಿ. ಬೆಚ್ಚಗಾಗಲಿ ಅಂತ ಒಳಗೆ ಸ್ಟೌ ಹಚ್ಚುವುದು, ಎಂಜಿನ್ ಚಾಲೂ ಇಟ್ಟು ಮಲಗುವುದು ಮಾತ್ರ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇರುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.