ಅಂಗಳದ ರ‍್ಯಾಂಪ್, ಚೌಕಿಯ ಶಿಸ್ತು

(14 ವರ್ಷ ಬೆಂಗಳೂರಿನ ಫ್ಯಾಷನ್ ಶೋಗಳ ಬ್ಯಾಕ್‌ಸ್ಟೇಜ್‌ನಲ್ಲಿ ಬಟ್ಟೆ ತೊಡಿಸುವ ಕೆಲಸ ಮಾಡಿ, ಈಗ ಶಿವಮೊಗ್ಗದಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿರುವ ನಮ್ಮ ಅಂಕಣಕಾರ್ತಿ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕ, ನಮ್ಮ ಮಹಿಳಾ ಸಂಘದವರು ಕೈಮಗ್ಗದ ಸೀರೆ, ಕುರ್ತಾ ತೋರಿಸಲು ಜನವರಿಯಲ್ಲಿ ಮನೆಯಂಗಳದಲ್ಲೇ ಒಂದು ಫ್ಯಾಷನ್ ಶೋ ಮಾಡಬೇಕು ಅಂತಿದ್ದೇವೆ. ಹಿಂದೆ ಎಲ್‌ಇಡಿ ಪರದೆ ಬೇಕೇ ಬೇಕು ಅನ್ನುತ್ತಾರೆ ಹುಡುಗರು. ಬಾಡಿಗೆ ಕೇಳಿ ಗಾಬರಿಯಾಯಿತು. ಏನು ಮಾಡೋಣ?
– ಓದುಗಿ, ಸಾಗರ ತಾಲ್ಲೂಕು

ಜನವರಿಯಲ್ಲಿ ನಿಮ್ಮ ಅಂಗಳ ಖಾಲಿ ಇರುತ್ತಾ? ಬೇಯಿಸಿದ ಅಡಿಕೆ ಹರವಿದ ಮೇಲೆ ಅಲ್ಲಿ ಕಾಲಿಡೋಕೆ ಯಾರು ಬಿಡ್ತಾರೆ? ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಿ. ಮಾರ್ಚ್‌ಗೆ ಹೋದರೆ ನಡೆಯುವ ಹುಡುಗಿಯರಿಗೆ ಪರೀಕ್ಷೆ, ಏಪ್ರಿಲ್‌ನಲ್ಲಿ ಸಂಜೆ ಮಳೆ.

ಎಲ್‌ಇಡಿ ಪರದೆ ಬೇಡವೇ ಬೇಡ. ಬರೀ ದುಡ್ಡಿನ ಕಾರಣಕ್ಕೆ ಹೇಳ್ತಿಲ್ಲ. ಹಿಂದೆ ಬೆಳಕು ಕುಣಿಯುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಮುಂದಿನ ಸೀರೆ ಮಂಕಾಗುತ್ತದೆ. ಅಡಿಕೆ ಬೇಯಿಸಿದ ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಅದ್ದಿದ ಬಟ್ಟೆಯಾದರೆ ಇನ್ನೂ ಕಷ್ಟ. ಆ ಕೆಂಪುಗಂದು ಬಣ್ಣ ನೀಲಿ ಛಾಯೆಯ ಬೆಳಕಿಗೆ ಸಿಕ್ಕರೆ ಕೆಸರಿನ ಹಾಗೆ ಕಾಣುತ್ತದೆ. ಸಂಜೆ ನಾಲ್ಕೂವರೆಗೆ ಶುರು ಮಾಡಿ, ಐದೂವರೆಯೊಳಗೆ ಮುಗಿಸಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಮಗ್ಗದ ಬಟ್ಟೆಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ.

ಹಿನ್ನೆಲೆಗೆ ಅಡಿಕೆ ಸೋಗೆಯ ತಟ್ಟಿ ಸಾಕು. ಹಸೆ ಚಿತ್ತಾರ ಬರೆದ ಕೆಮ್ಮಣ್ಣಿನ ಗೋಡೆ ಇದ್ದರೆ ಅದರ ಮುಂದೆ ಒಂದೇ ಬಣ್ಣದ ಸೀರೆಗಳನ್ನಷ್ಟೇ ಕಳಿಸಿ. ಚೌಕಳಿ ಸೀರೆ ಆ ಬಿಳಿ ಗೆರೆಗಳ ನಡುವೆ ಕಳೆದೇ ಹೋಗುತ್ತದೆ. ಕಾರ್ಪೆಟ್ ಹಾಸಬೇಡಿ, ಮಡಿಕೆಗೆ ಕಾಲು ಸಿಕ್ಕಿಕೊಳ್ಳುತ್ತದೆ. ಸಗಣಿ ಸಾರಿಸಿದ ನೆಲ ಚೆನ್ನ. ಇಬ್ಬರು ಎದುರುಬದುರಾಗಿ ದಾಟಲು ಆರು ಅಡಿ ಅಗಲ ಬಿಡಿ. ಎರಡೂ ಬದಿಗೆ ಎರಡೆರಡೇ ಸಾಲು ಕುರ್ಚಿ ಹಾಕಿದರೆ ಎತ್ತರದ ವೇದಿಕೆಯೇ ಬೇಡ. ಫೋಟೋ ತೆಗೆಯುವವರೆಲ್ಲ ದಾರಿಯ ಕೊನೆಯಲ್ಲಿ ಒಂದೇ ಕಡೆ ನಿಲ್ಲಲಿ.

ಅಳತೆ ಮಾತ್ರ ನೀವೇ ಟೇಪ್ ಹಿಡಿದು ತೆಗೆಯಿರಿ. 1973ರ ನವೆಂಬರ್‌ನಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಫ್ರೆಂಚ್ ಮತ್ತು ಅಮೆರಿಕನ್ ವಿನ್ಯಾಸಕಾರರ ದೊಡ್ಡ ಶೋ ನಡೆಯಿತು. ಮೀಟರ್ ಲೆಕ್ಕ, ಅಡಿ ಲೆಕ್ಕ ಗಲಿಬಿಲಿಯಾಗಿ ಅಮೆರಿಕದವರ ಹಿನ್ನೆಲೆ ಪರದೆ ಗಿಡ್ಡ ಬಂತು. ಕೊನೆಗೆ ಐಫೆಲ್ ಗೋಪುರದ ಒಂದು ಸರಳ ಗೆರೆಚಿತ್ರ ಇಟ್ಟುಕೊಂಡು ಶೋ ಮಾಡಿದರು. ಫ್ರೆಂಚರ ಸೆಟ್‌ಗಳು ಭಾರಿ ಇದ್ದವು. ಆದರೂ ಬಟ್ಟೆ, ನಡಿಗೆ, ಸಂಗೀತದಿಂದಲೇ ಅಮೆರಿಕದವರು ಜನರ ಮನಸ್ಸು ಗೆದ್ದರು. ನಮ್ಮಲ್ಲೂ ಶಾಮಿಯಾನದವರು ಅಡಿಯಲ್ಲಿ ಮಾತಾಡ್ತಾರೆ, ಬಟ್ಟೆ ಅಂಗಡಿಯವರು ಮೀಟರ್‌ನಲ್ಲಿ. ಎಚ್ಚರ ಇರಲಿ.

ಪ್ರಶ್ನೆ: ಕಳೆದ ವರ್ಷ ನಮ್ಮ ಕಾಲೇಜು ಶೋನಲ್ಲಿ ಮುಂದೆ ಎಲ್ಲ ಚೆನ್ನಾಗಿತ್ತು, ಹಿಂದೆ ಸಂತೆ. ಒಬ್ಬಳ ಬ್ಲೌಸ್ ಸಿಗದೆ ಅವಳು ಅಳುತ್ತಾ ಕೂತಳು. ಈ ಸಲ ಬ್ಯಾಕ್‌ಸ್ಟೇಜ್ ನನ್ನ ಜವಾಬ್ದಾರಿ. 12 ಹುಡುಗಿಯರು, 24 ಡ್ರೆಸ್. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಶಿವಮೊಗ್ಗ

ತಂಗಿ, ನೀನು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಕೋಣೆ, ನೋಡಿದ್ದೀಯಾ? ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಪ್ರತಿಯೊಬ್ಬ ವೇಷಧಾರಿಗೂ ಅವನದೇ ಜಾಗ. ಗೆಜ್ಜೆ ಎಲ್ಲಿ, ಕಿರೀಟ ಎಲ್ಲಿ ಅಂತ ಒಬ್ಬರೂ ಕೂಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಬ್ಯಾಕ್‌ಸ್ಟೇಜ್ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಆ ಚೌಕಿಯೇ.

ಮೊದಲು ಲೆಕ್ಕ ಮಾಡು. ಒಬ್ಬಳು ಹೋಗಿ ಬರಲು 40 ಸೆಕೆಂಡ್, 20 ಸೆಕೆಂಡಿಗೊಬ್ಬಳನ್ನು ಬಿಡುತ್ತೀಯ ಅಂದುಕೋ. 12 ಜನರ ಸುತ್ತು 240 ಸೆಕೆಂಡ್. ಮೊದಲು ಹೋದವಳಿಗೆ ಬದಲಿಸಲು ಉಳಿಯುವುದು 200 ಸೆಕೆಂಡ್, ಅಂದರೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಅಚ್ಚುಕಟ್ಟಾಗಿ ಸೀರೆ ಉಡಿಸೋಕಾಗಲ್ಲ. ಅದಕ್ಕೆ ಸೀರೆ ಮೊದಲ ಸುತ್ತಿಗೆ, ಕುರ್ತಾ ಎರಡನೆಯದಕ್ಕೆ. ಕೊನೆಗೆ ಸೀರೆಯೇ ಬೇಕು ಅಂದರೆ ಆ ಹುಡುಗಿಯರಿಗೆ ಅದೊಂದೇ ಡ್ರೆಸ್ ಕೊಡು.

ಒಬ್ಬೊಬ್ಬಳಿಗೂ ಬೇರೆ ರ‍್ಯಾಕ್, ಇಲ್ಲದಿದ್ದರೆ ಹಗ್ಗದಲ್ಲೇ ಒಂದು ಜಾಗ. ವಾರದ ಮೊದಲೇ ಪೂರ್ತಿ ಡ್ರೆಸ್ ಹಾಕಿಸಿ ಫೋಟೋ ತೆಗೆದು ಅಲ್ಲೇ ಅಂಟಿಸು. ಓಲೆ, ಬಳೆ ಜಿಪ್ ಕವರಿನಲ್ಲಿ ಹಾಕಿ ಹ್ಯಾಂಗರಿಗೇ ಕಟ್ಟು. ಬ್ಲೌಸೂ ಅದೇ ಹ್ಯಾಂಗರಿನಲ್ಲಿ. ಚಪ್ಪಲಿ ಕೆಳಗೆ. ನೆಲಕ್ಕೆ ಒಗೆದ ಬೆಡ್‌ಶೀಟ್ ಹಾಸು, ಅಂಚಿಗೆ ಧೂಳು ತಾಗಲ್ಲ.

ಹುಕ್, ಗುಂಡಿ, ಜಿಪ್ ಎಲ್ಲ ಮೊದಲೇ ಬಿಚ್ಚಿಡಬೇಕು. ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಶೋನಲ್ಲಿ ಇದನ್ನು ಮರೆತೆ. ಬೆನ್ನುದ್ದಕ್ಕೂ 22 ಹುಕ್ ಇದ್ದ ಜಾಕೆಟ್. ನನ್ನ ಬೆರಳು ನಡುಗುತ್ತಿತ್ತು, ಒಂದು ಹುಕ್ ಬಿಚ್ಚಿದರೆ ಇನ್ನೊಂದು ಜಾರಿ ಸಿಕ್ಕಿಕೊಳ್ಳುತ್ತಿತ್ತು. ಹೊರಗೆ ಸಂಗೀತ ನಡೆಯುತ್ತಿತ್ತು, ರ‍್ಯಾಂಪ್ ಖಾಲಿ ಇತ್ತು. ಆ ಹುಡುಗಿ ಬೈಯಲಿಲ್ಲ, ಉಸಿರು ಬಿಗಿಹಿಡಿದು ನಿಂತಿದ್ದಳು. ಈಗಲೂ ಹ್ಯಾಂಗರಿಗೆ ಬಟ್ಟೆ ಹಾಕುವಾಗ ಅವಳ ಬೆನ್ನು ನೆನಪಾಗುತ್ತದೆ.

ಮೇಕಪ್‌ಗೆ ಎಲ್ಲರೂ ಮುಂದೆ ಗುಂಡಿ ಇರುವ ಶರ್ಟ್ ಹಾಕಿಕೊಂಡು ಬರಲಿ, ತಲೆಯ ಮೇಲಿಂದ ತೆಗೆದರೆ ಕೂದಲು ಹಾಳು. ಕುರ್ತಾ ಹಾಕುವಾಗ ಮುಖಕ್ಕೆ ತೆಳು ದುಪಟ್ಟಾ ಮುಚ್ಚು, ಕೊರಳಿಗೆ ಲಿಪ್‌ಸ್ಟಿಕ್ ಹತ್ತಲ್ಲ. ಬಿಳಿ, ಕಪ್ಪು ದಾರ ಪೋಣಿಸಿದ ಸೂಜಿ, ಸೇಫ್ಟಿಪಿನ್ ನಿನ್ನ ಏಪ್ರನ್‌ನಲ್ಲಿರಲಿ. ಕರೆಂಟ್ ಹೋದರೆ ಅಂತ ಟಾರ್ಚ್ ಕೂಡ.

ಬಟ್ಟೆ ಬದಲಿಸುವ ಜಾಗಕ್ಕೆ ಮೊಬೈಲ್ ಬೇಡ, ಗಂಡಸರು ಬೇಡ. ಪ್ರಿನ್ಸಿಪಾಲರ ಕಡೆಯವರು ಬಂದು ಇಣುಕಿದರೂ ಬಾಗಿಲು ತೆರೀಬೇಡ. ಇದರಲ್ಲಿ ರಾಜಿ ಇಲ್ಲ. ರ‍್ಯಾಂಪಿಗೆ ಬಿಡುವ ಬಾಯಲ್ಲಿ ಒಬ್ಬಳೇ ನಿಲ್ಲಲಿ. ಕೂಗುವುದು ಬೇಡ, ಭುಜ ಮುಟ್ಟಿದರೆ ಹೊರಡಬೇಕು, ಅಷ್ಟೇ.

ಪ್ರಶ್ನೆ: ಹೈ ಹೀಲ್ಸ್‌ನಲ್ಲಿ ನಡೆಯುವಾಗ ಬಿದ್ದರೆ?
– ಓದುಗಿ, ಭದ್ರಾವತಿ

ಏಳುವುದು, ನಡೆಯುವುದು. 1993ರಲ್ಲಿ ಪ್ಯಾರಿಸ್‌ನಲ್ಲಿ ನವೋಮಿ ಕ್ಯಾಂಪ್‌ಬೆಲ್ ಅಂಥ ದೊಡ್ಡ ಮಾಡೆಲ್ಲೇ ಎತ್ತರದ ಶೂ ಹಾಕಿಕೊಂಡು ಬಿದ್ದು, ನಗುತ್ತಾ ಎದ್ದು ಹೋದರು. ಹೊಸ ಚಪ್ಪಲಿಯ ಅಟ್ಟೆಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ. ರಿಹರ್ಸಲ್ ಅದೇ ಚಪ್ಪಲಿಯಲ್ಲಿ ಮಾಡಿ.

ಪ್ರಶ್ನೆ: ಮಗಳು ಫ್ಯಾಷನ್ ಶೋ ಬ್ಯಾಕ್‌ಸ್ಟೇಜ್ ಕೆಲಸಕ್ಕೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮಗೆ ಭಯ. ಇದೊಂದು ಕೆಲಸವೇ?
– ತಾಯಿ, ತೀರ್ಥಹಳ್ಳಿ

ಕೆಲಸವೇ ಅಮ್ಮ, ಮೈಮುರಿಯುವ ಕೆಲಸ. ಮುಂದೆ ಹತ್ತು-ಹದಿನೈದು ನಿಮಿಷ ನಡೆಯುವ ಶೋಗೆ ಹಿಂದೆ ದಿನವಿಡೀ ನಿಲ್ಲಬೇಕು. ಓದಬೇಕು ಅಂದರೆ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಫ್ಯಾಷನ್ ಶಿಕ್ಷಣ ಸಂಸ್ಥೆ ನಿಫ್ಟ್ ಇದೆ. ಬೆಳಕು, ರಂಗಸಜ್ಜಿಕೆ, ವೇಷಭೂಷಣ ಕಲಿಯೋಕೆ ನಿಮಗೆ ಹತ್ತಿರದಲ್ಲೇ ಹೆಗ್ಗೋಡಿನ ನೀನಾಸಂ ಇದೆ, ಅಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ.

ನಿಮ್ಮ ಭಯ ಸುಳ್ಳಲ್ಲ. ದಿನಗೂಲಿಯ ಕೆಲಸ, ದುಡ್ಡು ತಡವಾಗಿ ಬರುತ್ತದೆ. ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಬರೆಸಿಕೊಳ್ಳಲಿ: ದಿನಕ್ಕೆ ಎಷ್ಟು, ಯಾವತ್ತು ಕೊಡ್ತಾರೆ, ರಾತ್ರಿ ರೂಮಿಗೆ ಬಿಡುವ ಗಾಡಿ ಯಾರದು. ಅದಕ್ಕೂ ಮೊದಲು ರಜೆಯಲ್ಲಿ ಒಂದು ವಾರ ನನ್ನ ಅಂಗಡಿಗೆ ಕಳಿಸಿ. ಮದುವೆ ಸೀಸನ್, ಹುಕ್ ಹಚ್ಚುವುದು ರಾಶಿ ಇದೆ. ನೀವೂ ಜೊತೆಗೆ ಬಂದು ಕೂತು ನೋಡಿ.