ಮಂಜಮ್ಮ ಜೋಗತಿ ಹಾಡುಗಾರ್ತಿಯೋ, ಭಕ್ತೆಯೋ, ಹೋರಾಟಗಾರ್ತಿಯೋ?

ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದದ್ದು ಹಾಡು-ಕುಣಿತಕ್ಕಾ, ದೇವರ ಸೇವೆಗಾ, ಇಲ್ಲಾ ಸಮಾಜಕ್ಕೆ ಮಾಡಿದ ಕೆಲಸಕ್ಕಾ ಅಂತ ಕೇಳಿದ್ದೀರಿ. ಜನಪದ ಹಾಡಿನಿಂದ ನಿಜವಾಗಿ ಏನಾದರೂ ಬದಲಾಗುತ್ತಾ ಅಂತಲೂ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. 2021ರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಕಲೆ’ ಅಂತ ಇದೆ. ಎರಡನೆಯದು ಹಾಗೆ ಒಂದು ಸಾಲಿನಲ್ಲಿ ಮುಗಿಯಲ್ಲ. ನಾನು ಬಳ್ಳಾರಿ ಕಡೆಯವನು, ಹಾಗಾಗಿ ಸ್ವಲ್ಪ ಮನೆ ಕಥೆಯಿಂದಲೇ ಶುರು ಮಾಡುತ್ತೇನೆ.

ನಾನು ಚಿಕ್ಕವನಿದ್ದಾಗ ಮಂಗಳವಾರ, ಶುಕ್ರವಾರ ನಮ್ಮ ಓಣಿಗೆ ಜೋಗತಿಯರು, ಅಂದರೆ ಎಲ್ಲಮ್ಮ ದೇವಿಗೆ ಒಪ್ಪಿಸಿಕೊಂಡು ಅವಳ ಪದ ಹಾಡುವವರು, ಬರುತ್ತಿದ್ದರು. ಒಬ್ಬರ ತಲೆ ಮೇಲೆ ಎಲ್ಲಮ್ಮನನ್ನು ಕೂರಿಸಿದ ಬುಟ್ಟಿ, ಒಬ್ಬರ ಕಂಕುಳಲ್ಲಿ ಚೌಡಿಕೆ ಅನ್ನೋ ಒಂಟಿ ತಂತಿಯ ವಾದ್ಯ, ಎಲ್ಲರ ಹಣೆ ತುಂಬ ಭಂಡಾರ. ಅಜ್ಜಿ ಮೊರದಲ್ಲಿ ಜೋಳ ತಂದು ನೀಡಿ, ಅಡ್ಡಬಿದ್ದು, ‘ಉಧೋ ಉಧೋ’ ಅನ್ನುತ್ತಿದ್ದಳು. ಆ ಗುಂಪಿನಲ್ಲಿ ಸೀರೆ ಉಟ್ಟ ಒಬ್ಬರದು ಗಡಸು ದನಿ. ಅವರು ಓಣಿ ದಾಟಿ ಹೋಗುವಾಗ ನಾವು ಹುಡುಗರು ಹಿಂದೆ ಬಿದ್ದು ನಡಿಗೆ ಅಣಕಿಸುತ್ತಿದ್ದೆವು, ಅಜ್ಜಿ ಅದನ್ನು ನೋಡಿಯೂ ಬಯ್ಯುತ್ತಿರಲಿಲ್ಲ. ಅಡ್ಡಬೀಳುವುದೂ ನಮ್ಮ ಮನೆಯವರೇ, ಅಣಕಿಸುವುದೂ ನಮ್ಮ ಮನೆಯವರೇ. ಇದು ಎಷ್ಟು ವಿಚಿತ್ರ ಅಂತ ಆಗ ಹೊಳೆದಿರಲಿಲ್ಲ. ಅಜ್ಜಿ ಕೈ ಮುಗಿಯುತ್ತಿದ್ದದ್ದು ಬುಟ್ಟಿಗೆ. ಬುಟ್ಟಿ ಹೊತ್ತವರ ಮುಖ ಯಾರೂ ನೋಡುತ್ತಿರಲಿಲ್ಲ.

ಮಂಜಮ್ಮ ಬಂದದ್ದು ಆ ಜಗತ್ತಿನಿಂದ. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಶೆಟ್ಟರ ಮನೆಯಲ್ಲಿ, ಮಂಜುನಾಥ ಶೆಟ್ಟಿ ಅನ್ನೋ ಹೆಸರಿನಲ್ಲಿ. ಹದಿಹರೆಯದಲ್ಲಿ ತಾನು ಹೆಣ್ಣು ಅನ್ನುವುದು ಗಟ್ಟಿಯಾಯಿತು. ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಿ ದೀಕ್ಷೆ ಕೊಡಿಸಿ ಜೋಗಪ್ಪ ಮಾಡಿಸಿದರು, ಅಂದರೆ ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಹೆಣ್ಣಾಗಿ ಬಾಳುವವರು. ನಮ್ಮ ಕಡೆ ಇಂಥ ಮಕ್ಕಳಿಗೆ ಆಗ ಇದ್ದ ಒಂದೇ ದಾರಿ ಅದು. ದೇವಿಗೆ ಒಪ್ಪಿಸಿದರು ಅಂದರೆ ಮನೆಯಿಂದ ಹೊರಗೆ ಹಾಕಿದರು ಅಂತಲೂ ಅರ್ಥ ಅಲ್ವಾ. ಆಮೇಲೆ ವಿಷ ಕುಡಿದದ್ದು, ಉಳಿದುಕೊಂಡದ್ದು, ಸೀರೆ ಉಟ್ಟು ಭಿಕ್ಷೆ ಬೇಡಿದ್ದು, ಇದನ್ನೆಲ್ಲ ಅವರೇ ಎಷ್ಟೋ ವೇದಿಕೆಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಅಪ್ಪ-ಮಗ ಇಬ್ಬರನ್ನು ನೋಡಿದರಂತೆ. ಅಪ್ಪ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಇಟ್ಟುಕೊಂಡು ಕುಣಿಯುತ್ತಿದ್ದ. ಅಲ್ಲಿಂದ ಕಲಿಕೆ ಶುರು. ಆಮೇಲೆ ಕಾಳವ್ವ ಜೋಗತಿಯ ಮೇಳ ಸೇರಿದರು, ಊರೂರು ತಿರುಗಿದರು, ಕಾಳವ್ವ ತೀರಿಕೊಂಡ ಮೇಲೆ ಮೇಳ ಇವರ ಹೆಗಲಿಗೆ ಬಂತು. ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ಹೊಸಪೇಟೆ ಪಕ್ಕದ ಈ ಊರಿನಲ್ಲಿ ರಂಗಭೂಮಿ ಕಲಾವಿದೆಯರು ಮೊದಲಿನಿಂದಲೂ ಜಾಸ್ತಿ.

ಈಗ ಹಾಡಿನ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ. ಚೌಡಿಕೆ ಅಂದರೆ ಟೊಳ್ಳು ಮರದ ಡಬ್ಬ, ಒಂದು ಬಾಯಿಗೆ ತೊಗಲು, ತೊಗಲಿನಿಂದ ಎಳೆದು ಕಟ್ಟಿದ ಒಂದೇ ತಂತಿ. ಬಿಗಿ ಮಾಡಿದರೆ ದನಿ ಮೇಲೆ ಹೋಗುತ್ತೆ, ಸಡಿಲ ಬಿಟ್ಟರೆ ಕೆಳಗೆ ಇಳಿಯುತ್ತೆ. ಅದರ ಜೊತೆಗೆ ಒಂದು ಶ್ರುತಿ, ತಾಳ, ಮುಂದೆ ಒಬ್ಬರು ಹೇಳಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಇಷ್ಟರಲ್ಲೇ ರಾತ್ರಿಯಿಡೀ ಎಲ್ಲಮ್ಮನ ಕಥೆ ನಡೆಯುತ್ತೆ.

ಆ ಕಥೆ ಯಾರದ್ದು ನೋಡಿ. ರೇಣುಕೆ, ಅಂದರೆ ಎಲ್ಲಮ್ಮನೇ, ದಿನಾ ಮರಳಿನ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿಕೊಂಡು ಹೊಳೆಯಿಂದ ನೀರು ತರುವವಳು. ಒಂದು ದಿನ ಮನಸ್ಸು ಒಂಚೂರು ಆಚೆ ಹೋಯಿತು, ಅವತ್ತು ಕೊಡ ನಿಲ್ಲಲಿಲ್ಲ. ಗಂಡ ಜಮದಗ್ನಿ ಶಾಪ ಕೊಟ್ಟು ಹೊರಗೆ ಹಾಕಿದ. ಮೈಗೆ ರೋಗ ಬಂತು, ಯಾರೂ ಹತ್ತಿರ ಸೇರಿಸಲಿಲ್ಲ. ಕಾಡಿನಲ್ಲಿ ಎಕ್ಕಯ್ಯ, ಜೋಗಯ್ಯ ಸಿಕ್ಕರು, ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ಮೈ ವಾಸಿಯಾಯಿತು, ಆಮೇಲೆ ಜೋಗ, ಅಂದರೆ ದೇವರ ಹೆಸರಿನ ಭಿಕ್ಷೆ, ಬೇಡಿದಳು. ತಾಯಿಯನ್ನು ಕಡಿಯಲು ಒಪ್ಪದ ಮಕ್ಕಳಿಗೆ ಅಪ್ಪ ಗಂಡಸುತನ ಹೋಗಲಿ ಅಂತ ಶಾಪ ಕೊಟ್ಟ ಅಂತ ಹೇಳುವ ಇನ್ನೊಂದು ಕಥೆಯೂ ಇದೆ. ಜೋಗಪ್ಪಗಳು ತಮ್ಮ ಮೂಲ ಅಲ್ಲಿದೆ ಅನ್ನುತ್ತಾರೆ. ಕಡಿದದ್ದು ಕೊಡಲಿ ಹಿಡಿದ ಪರಶುರಾಮ.

ಮನೆಯಿಂದ ಹೊರಗೆ ಬಿದ್ದವಳ ಈ ಕಥೆಯನ್ನು ಮನೆಯಿಂದ ಹೊರಗೆ ಬಿದ್ದವರೇ ನಮ್ಮ ಮನೆ ಬಾಗಿಲಲ್ಲಿ ನಿಂತು ಹಾಡುತ್ತಿದ್ದರು. ನಾವು ಜೋಳ ನೀಡಿ ಒಳಗೆ ಹೋಗುತ್ತಿದ್ದೆವು! ಇದರಲ್ಲಿ ಭಕ್ತಿ ಎಲ್ಲಿಗೆ ಮುಗಿಯಿತು, ಅವರ ಸ್ವಂತ ಗೋಳು ಎಲ್ಲಿಂದ ಶುರು ಆಯಿತು ಅಂತ ಗೆರೆ ಎಳೆಯಲು ನನ್ನಿಂದಂತೂ ಆಗಲ್ಲ. ಕುಣಿಯುವಾಗ ತಲೆ ಮೇಲೆ ನಿಲ್ಲುವ ಕೊಡ ನೋಡಿದರೆ ನನಗೆ ರೇಣುಕೆಯ ಆ ಕೊಡವೇ ನೆನಪಾಗುತ್ತೆ. ಕೈ ಬಿಟ್ಟು ಸುತ್ತಿದರೂ, ಬಗ್ಗಿದರೂ ಅದು ಬೀಳಲ್ಲ.

ಮಂಜಮ್ಮ ಮಾಡಿದ ದೊಡ್ಡ ಕೆಲಸ ಏನು ಅಂದರೆ, ಬಾಗಿಲ ಮುಂದಿನ ಈ ಪದವನ್ನು ವೇದಿಕೆಗೆ ಹತ್ತಿಸಿದ್ದು. ವೇದಿಕೆ ಮೇಲೆ ಬೆಳಕು ಬೀಳುವುದು ಮುಖದ ಮೇಲೆ. ಟಿಕೆಟ್ ಕೊಂಡು ಕೂತವರು ಅಣಕಿಸಲ್ಲ, ನೋಡುತ್ತಾರೆ. ಕುಣಿತ ಮುಗಿದ ಮೇಲೆ ಅವರು ಮೈಕ್ ಹಿಡಿದು ತಮ್ಮ ಕಥೆ ಹೇಳುತ್ತಾರೆ, ನಡುನಡುವೆ ನಗಿಸುತ್ತಾರೆ, ನಿಮ್ಮ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಹೊರಗೆ ಹಾಕಬೇಡಿ ಅಂತ ನೇರವಾಗಿ ಕೇಳಿಕೊಳ್ಳುತ್ತಾರೆ. ಈಗಷ್ಟೇ ಎಲ್ಲಮ್ಮನ ಪದ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರಿಗೆ ಆ ಮಾತು ತಪ್ಪಿಸಿಕೊಳ್ಳಲು ಆಗಲ್ಲ. ಬರೀ ಭಾಷಣ ಆಗಿದ್ದರೆ ಅರ್ಧ ಜನ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು, ಸುಮ್ನೆ ಹೇಳುತ್ತಿಲ್ಲ, ನಾನೂ ಹೋಗುವವನೇ.

ಹೆಸರು, ಹುದ್ದೆ ಆಮೇಲೆ ಬಂದವು. 2006ರಲ್ಲಿ ಜಾನಪದ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಅದೇ ಅಕಾಡೆಮಿಗೆ ಅಧ್ಯಕ್ಷೆ, ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದಕ ತಗೊಳ್ಳುವ ಮುಂಚೆ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನೀವೂ ನೋಡಿರುತ್ತೀರಿ. ದೇಶದ ಜನ ಅದನ್ನು ಮುದ್ದಾದ ದೃಶ್ಯ ಅಂತ ನೋಡಿದರು. ನಮ್ಮ ಕಡೆಯವರಿಗೆ ಅದು ಓಣಿಯಲ್ಲಿ ಜೋಗತಿ ಮಾಡುತ್ತಿದ್ದ ಕೆಲಸವೇ, ಜಾಗ ಮಾತ್ರ ಬೇರೆ.

ಆದರೆ ಹಾಡಿಗೆ ಇಲ್ಲದ ಹೆಚ್ಚುಗಾರಿಕೆ ಕೊಡಲು ನನಗೆ ಇಷ್ಟ ಇಲ್ಲ. 2021ರಲ್ಲೇ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ತಂತು. ಅದು ಬಂದದ್ದು ಸಂಘಟನೆಗಳು ಹೈಕೋರ್ಟಿಗೆ ಹೋದದ್ದರಿಂದ, ಚೌಡಿಕೆಯಿಂದ ಅಲ್ಲ. ಇನ್ನೊಂದು ಮಾತು, ಎಲ್ಲಮ್ಮನ ಹೆಸರಿನಲ್ಲೇ ಬಡ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಅಂದರೆ ದೇವದಾಸಿ ಮಾಡಿ, ಅವರ ಬಾಳು ಹಾಳು ಮಾಡಿದ್ದೂ ಇದೆ. 1982ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ಮಾಡಬೇಕಾಯಿತು. ಹಾಗಾಗಿ ‘ಪರಂಪರೆ ಉಳಿಸಬೇಕು’ ಅಂತ ಯಾರಾದರೂ ಒಟ್ಟಾರೆ ಹೇಳಿದರೆ ಯಾವ ಭಾಗ ಅಂತ ಕೇಳಬೇಕು. ಪದ ಉಳಿಯಲಿ, ಕುಣಿತ ಉಳಿಯಲಿ. ಮುತ್ತು ಕಟ್ಟುವುದು ಬೇಡ, ಮಗುವನ್ನು ದೇವಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವುದೂ ಬೇಡ.

ಕಾಯ್ದೆ ನೌಕರಿ ಕೊಡಬಹುದು, ಆದರೆ ಓಣಿಯ ಹುಡುಗರು ಅಣಕಿಸುವುದನ್ನು ಕಾಯ್ದೆ ಬಿಡಿಸಿದ್ದನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಅದನ್ನು ಬಿಡಿಸಿದ್ದು ಮಂಜಮ್ಮನ ಒಂದು ಕಾರ್ಯಕ್ರಮ, ಅದೂ ಮೂವತ್ತು ದಾಟಿದ ಮೇಲೆ. ಅವತ್ತು ಮನೆಗೆ ಬಂದು ಅಮ್ಮನನ್ನು ಕೇಳಿದೆ, ನಮ್ಮ ಓಣಿಗೆ ಬರುತ್ತಿದ್ದರಲ್ಲ, ಆ ಗಡಸು ದನಿಯವರು, ಅವರ ಹೆಸರೇನು ಅಂತ. ಅಮ್ಮನಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಜೋಳ ನೀಡಿದ ಅಜ್ಜಿಯೂ ಯಾವತ್ತೂ ಕೇಳಿರಲಿಲ್ಲವಂತೆ.

ನೀವು ವಿಡಿಯೋದಲ್ಲಿ ಅಲ್ಲದೆ ಎದುರಿಗೇ ಚೌಡಿಕೆ ಪದ ಕೇಳಬೇಕು ಅಂದರೆ ಭಾರತ ಹುಣ್ಣಿಮೆಗೆ ಸವದತ್ತಿಗೆ ಹೋಗಿ. ಜನ ಜಾಸ್ತಿ, ಧೂಳು ಜಾಸ್ತಿ, ಗುಡಿಯ ಸಾಲಿನಲ್ಲೇ ಅರ್ಧ ದಿನ ಹೋಗುತ್ತೆ. ಅದಕ್ಕೆ ಗುಡ್ಡದ ಕೆಳಗೆ ಜೋಗುಳಬಾವಿ ಹತ್ತಿರವೇ ಕೂತುಬಿಡಿ.